ಹೆಸರಿಲ್ಲದೆ ಕೊಟ್ಟ ಡಬ್ಬಿ

ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಈ ಜನ್ಮದಲ್ಲಿ ಎರಡೇ ಸಲ. ಮೊದಲನೆಯದು ಮದುವೆಯ ದಿನ, ಹೊಸಿಲಿಗೆ ಅಡ್ಡ ನಿಂತ ಹೆಂಗಸರು ಹೇಳದೆ ಒಳಗೆ ಬಿಡುವುದಿಲ್ಲ ಅಂದಾಗ, ಒಗಟಿನ ಮಧ್ಯೆ ಅಡಗಿಸಿ. ಎರಡನೆಯದು ಕ್ಷಯದ ಆಸ್ಪತ್ರೆಯ ಗೇಟಿನಲ್ಲಿ, ಇಂಗ್ಲಿಷಿನಲ್ಲಿ. ಇಲ್ಲಿ ಬರೆಯುವುದಿಲ್ಲ. ಬರೆದರೆ ಏನೂ ಆಗುವುದಿಲ್ಲ ಅಂತ ಗೊತ್ತು. ಆಗುವುದೆಲ್ಲ ಆಗಿಹೋಗಿದೆ. ಆದರೂ ಬರೆಯುವುದಿಲ್ಲ.

ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಅಕ್ಷರ ಕೂಡಿಸಿ ಓದುತ್ತೇನೆ, ಹಾಗೆಯೇ ಬರೆಯುತ್ತೇನೆ. ಪಕ್ಕದ ಮನೆಯಲ್ಲಿ ಒಬ್ಬ ಟೀಚರಮ್ಮ ಇದ್ದಾಳೆ. ಒತ್ತು, ದೀರ್ಘ ಅವಳು ತಿದ್ದಿದ್ದಾಳೆ. ಮಾತು ತಿದ್ದಬೇಡ ಅಂತ ಹೇಳಿದ್ದೇನೆ.

ಸ್ವಾತಂತ್ರ್ಯ ಬಂದು ಐದಾರು ವರ್ಷ ಆಗಿತ್ತು. ನಮ್ಮವರು ರೇಷ್ಮೆ ಕಾರ್ಖಾನೆಯಲ್ಲಿ ಮಗ್ಗದ ಕೆಲಸಕ್ಕಿದ್ದರು. ನಂಜನಗೂಡಿನ ಕಡೆ ಹಳ್ಳಿಯವರು ನಾವು. ಮೈಸೂರಿನಲ್ಲಿ ಒಂದು ಕೋಣೆ, ಒಂದು ಒಲೆ, ಅಷ್ಟೇ ಸಂಸಾರ. ಮದುವೆಯಾಗಿ ಏಳು ವರ್ಷವಾಗಿದ್ದರೂ ಮಕ್ಕಳಾಗಿರಲಿಲ್ಲ. ಮೊದಲು ಕೆಮ್ಮು, ಆಮೇಲೆ ಸಂಜೆ ಹೊತ್ತು ಜ್ವರ, ಆಮೇಲೆ ಒಂದು ದಿನ ಬಚ್ಚಲಿನಲ್ಲಿ ರಕ್ತ. ನಾನು ನೀರು ಹಾಕಿ ತೊಳೆದೆ. ಅವರು ನೋಡುತ್ತಾ ನಿಂತಿದ್ದರು. ಮಾರನೆಯ ದಿನ ಜಟಕಾ ಮಾಡಿಕೊಂಡು ಊರಾಚೆಯ ಕ್ಷಯದ ಆಸ್ಪತ್ರೆಗೆ ಹೋದೆವು. ಅವರನ್ನು ಅಲ್ಲೇ ಉಳಿಸಿಕೊಂಡರು. ನಾನು ನಡೆದುಕೊಂಡು ವಾಪಸು ಬಂದೆ.

ಉದ್ದನೆಯ ಕಟ್ಟಡ, ಗೇಟಿಗೆ ಎದುರಾಗಿ ಸಾಲು ಕಿಟಕಿ. ನಮ್ಮವರ ಮಂಚ ಎರಡನೇ ಕಿಟಕಿಯ ಪಕ್ಕ. ಹೆಂಗಸರನ್ನು ಗಂಡಸರ ವಾರ್ಡಿಗೆ ಬಿಡುತ್ತಿರಲಿಲ್ಲ. ತಿಂಗಳಿಗೆ ಒಂದು ಭಾನುವಾರ ಹೊರಗಿನ ಕಟ್ಟೆಯ ಮೇಲೆ ಕೂತು ಮಾತಾಡಬಹುದಾಗಿತ್ತು, ಮಧ್ಯೆ ಮಾರು ದೂರ ಬಿಟ್ಟು.

ನಮ್ಮತ್ತೆ ಒಂದು ಸಲ ಬಂದಿದ್ದಳು. ಆ ಕಟ್ಟೆಯ ಮೇಲೆ ಕೂತು, ನಾನು ಅಲ್ಲೇ ಇರುವಾಗಲೇ ಮಗನಿಗೆ ಹೇಳಿದಳು: "ಇನ್ನೂ ಎಳೇ ವಯಸ್ಸು ಇವಳ್ಗೆ. ಕೂಸಿಲ್ಲ ಕುನ್ನಿಯಿಲ್ಲ. ನೋಡ್ತಿರು, ಆರು ತಿಂಗ್ಳಲ್ಲಿ ತವರಿಗೆ ಹೋಗಿ ಇನ್ನೊಬ್ಬನ್ನ ಕೂಡಿಕೆ ಮಾಡ್ಕತಾಳೆ." ಅವಳ ಮಾತಿಗೆ ನನಗೆ ನೋವಾಗಲಿಲ್ಲ. ಅವರು ಆ ಮಾತಿಗೆ ಇಲ್ಲ ಅನ್ನಲಿಲ್ಲವಲ್ಲ, ನೆಲ ನೋಡಿದರಲ್ಲ, ಅದು ನೋವಾಯಿತು.

ಕೆಲವು ತಿಂಗಳಾದ ಮೇಲೆ ಪಕ್ಕೆಲುಬು ತೆಗೆಯುವ ಆಪರೇಷನ್ ಮಾಡಬೇಕು ಅಂದರು. ಆಪರೇಷನ್ ಆದ ಮೇಲೆ ನಾಲ್ಕು ತಿಂಗಳು ಯಾರೂ ನೋಡುವ ಹಾಗಿಲ್ಲ, ಭಾನುವಾರವೂ ಇಲ್ಲ. ಕೊನೆಯ ಭಾನುವಾರ ಅವರು ಕೇಳಿದರು, "ಬತ್ತೀಯಾ?" ಅಂತ. ನಾನು ಹೇಳಿದೆ: ನನ್ನನ್ನು ಬಿಡುವುದಿಲ್ಲ, ಡಬ್ಬಿ ಬಿಡುತ್ತಾರೆ. ಸೋಮವಾರ, ಶುಕ್ರವಾರ ಡಬ್ಬಿ ಬಂದರೆ ನಾನು ಬಂದಿದ್ದೀನಿ ಅಂತ ತಿಳಿದುಕೊಳ್ಳಿ. ಬರದಿದ್ದರೆ ನಿಮ್ಮಮ್ಮ ಹೇಳಿದ ಹಾಗೆ ಹೋದೆ ಅಂತ ತಿಳಿದುಕೊಳ್ಳಿ.

ಎರಡನೆಯ ಮಾತು ಆಡಬಾರದಿತ್ತು. ಕೋಪದಲ್ಲಿ ಆಡಿದೆ.

ಡಬ್ಬಿ ಅಂದರೆ ಎರಡು ಅಂತಸ್ತಿನ ಹಿತ್ತಾಳೆ ಡಬ್ಬಿ, ಒಳಗೆ ಕಲಾಯಿ. ತವರಿನಿಂದ ಬಂದ ಪಾತ್ರೆ, ಆದ್ದರಿಂದ ಅದರ ಮೇಲೆ ಕೊರೆದಿದ್ದು ನನ್ನ ಅಪ್ಪನ ಹೆಸರು. ಕೆಳಗಿನದಕ್ಕೆ ಹುರುಳಿ ಕಟ್ಟಿನ ಸಾರು, ಮೇಲಿನದಕ್ಕೆ ಅಕ್ಕಿ ರೊಟ್ಟಿ, ಒಂದು ಉಂಡೆ ಬೆಣ್ಣೆ. ನಮ್ಮವರಿಗೆ ಸಾರಿನಲ್ಲಿ ಉಪ್ಪು ಮುಂದಿರಬೇಕು. ನನ್ನ ಕೈ ಅವರ ನಾಲಿಗೆಗೆ ಒಗ್ಗಿ ಹೋಗಿತ್ತು.

ಅವರನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ನಾನು ಅಗ್ರಹಾರದಲ್ಲಿ ಒಬ್ಬ ರಿಟೈರಾದ ಮೇಷ್ಟರ ಮನೆಯಲ್ಲಿ ಅಡುಗೆಗೆ ನಿಂತಿದ್ದೆ. ಅವರೂ ಲಿಂಗ ಕಟ್ಟಿದವರು, ನಾವೂ ಕಟ್ಟಿದವರು, ಆದ್ದರಿಂದ ಒಲೆಯ ಹತ್ತಿರ ಬಿಟ್ಟರು. ಅಮ್ಮಾವರಿಗೆ ಮಂಡಿ ನೋವು, ಕೂತರೆ ಏಳಲಾರರು. ಮೇಷ್ಟರು ಬೆಳಿಗ್ಗೆ ಜಗುಲಿಯ ಮೇಲೆ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಬರುತ್ತಿದ್ದವರೆಲ್ಲ ಎಸ್ಸೆಲ್ಸಿ ಇಂಗ್ಲಿಷಿನಲ್ಲಿ ನಾಲ್ಕು ನಾಲ್ಕು ಸಲ ಬಿದ್ದವರು. ಮೀಸೆ ಬಂದವರು. ಒಬ್ಬನಿಗೆ ಮದುವೆಯೂ ಆಗಿತ್ತು. ಜಗುಲಿಗೂ ಅಡುಗೆಮನೆಗೂ ಮಧ್ಯೆ ಒಂದು ಗೋಡೆ, ಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ನನ್ನ ಒರಳು ಆ ಕಿಂಡಿಯ ಕೆಳಗೆ.

ಮೇಷ್ಟರಿಗೆ ಕೊಡುವುದು, ತೆಗೆದುಕೊಳ್ಳುವುದು, ಕಳಿಸುವುದು, ತೋರಿಸುವುದು, ಇವುಗಳ ಮೇಲೆ ಬಹಳ ಆಸಕ್ತಿ. ಪರೀಕ್ಷೆಯಲ್ಲಿ ಇವರೆಲ್ಲ ಅಲ್ಲೇ ಎಡವುತ್ತಿದ್ದರಂತೆ. ಒಂದೊಂದು ವಾಕ್ಯವನ್ನೂ ಹತ್ತು ಸಲ ಕೂಗಿಸುವರು. ಗಿವ್ ದ ಕೌ ಗ್ರಾಸ್. ಗಿವ್ ಗ್ರಾಸ್ ಟು ದ ಕೌ. ಚಟ್ನಿ ರುಬ್ಬುತ್ತಾ ರುಬ್ಬುತ್ತಾ ನನಗೂ ಬಂತು. ಹಸುವಿಗೆ ಹುಲ್ಲು ಕೊಡು ಅನ್ನುವುದಕ್ಕೆ ಎರಡು ದಾರಿ. ಹಸು ಮೊದಲು ಬಂದರೆ ಸುಮ್ಮನೆ ಹುಲ್ಲು ಅಂದರೆ ಸಾಕು. ಹುಲ್ಲು ಮೊದಲು ಬಂದರೆ ಮಧ್ಯೆ ಒಂದು 'ಟು' ನಿಲ್ಲಬೇಕು. ಇದನ್ನು ಮರೆತು ಒಬ್ಬ ದಿನವೂ ಗಿವ್ ಗ್ರಾಸ್ ದ ಕೌ ಅನ್ನುತ್ತಿದ್ದ.

"ಹಸುವನ್ನ ಹುಲ್ಲಿಗೆ ಹಾಕ್ಬುಟ್ಟೆಯಲ್ಲಯ್ಯಾ," ಅನ್ನುವರು ಮೇಷ್ಟರು. "ಪಾಪ, ಹುಲ್ಲು ಅಷ್ಟು ದೊಡ್ಡ ಹಸುವನ್ನ ಎಷ್ಟು ಹೊತ್ತು ತಿಂದೀತು?"

ಒರಳಿನ ಮುಂದೆ ಕೂತು ನಾನೊಬ್ಬಳೇ ನಗುತ್ತಿದ್ದೆ. ಅವತ್ತಿನ ನಗು ಅವತ್ತಿಗೆ ಅಷ್ಟೇ. ಕೋಣೆಗೆ ಹೋದರೆ ನಗುವುದಕ್ಕೆ ಯಾರಿದ್ದರು.

ನಮ್ಮ ಮಾತಿನಲ್ಲಿ ಈ ಕಷ್ಟ ಇಲ್ಲ. ಹಸುವಿಗೆ ಹುಲ್ಲು ಕೊಡು, ಹುಲ್ಲು ಹಸುವಿಗೆ ಕೊಡು, ಕೊಡು ಹುಲ್ಲು ಹಸುವಿಗೆ, ಹೇಗಂದರೂ ತಿನ್ನುವುದು ಹಸುವೇ. 'ಗೆ' ಅನ್ನುವುದು ಹಸುವಿನ ಕೊರಳಿಗೆ ಕಟ್ಟಿದ ಗಂಟೆಯ ಹಾಗೆ. ಹಸು ಎಲ್ಲಿ ಹೋದರೂ ಜೊತೆಯಲ್ಲೇ ಹೋಗುತ್ತದೆ. ಇಂಗ್ಲಿಷಿನ ಹಸುವಿಗೆ ಗಂಟೆ ಇಲ್ಲ. ಎಲ್ಲಿ ನಿಂತಿದೆ ಅಂತ ಜಾಗ ನೋಡಿ ಗುರುತು ಹಿಡಿಯಬೇಕು. ಇದು ನನ್ನ ಮಾತಲ್ಲ, ಮೇಷ್ಟರದು. ಆಗ ಅದು ಬರೀ ಪಾಠ ಅಂದುಕೊಂಡಿದ್ದೆ.

ಆಸ್ಪತ್ರೆಯ ಗೇಟಿನಲ್ಲಿ ಒಂದು ಮೇಜು. ಡಬ್ಬಿ, ಗಂಟು, ಹಣ್ಣು, ಏನು ತಂದರೂ ಅಲ್ಲಿ ಕೊಡಬೇಕು. ಮೇಜಿನ ಹಿಂದೆ ನಮ್ಮ ಕಡೆಯವನೇ ಒಬ್ಬ ಅಟೆಂಡರ್ ಇರುತ್ತಿದ್ದ. ಎಲ್ಲರ ಮುಖವೂ ಗೊತ್ತು ಅವನಿಗೆ. ಹೆಸರು ಕೇಳುತ್ತಿರಲಿಲ್ಲ. ಕೇಳಿದರೂ ಯಾವ ಹೆಂಗಸು ಹೇಳುತ್ತಿದ್ದಳು? ಮಕ್ಕಳಿದ್ದವರು ಇಂಥವನ ಅಪ್ಪ ಅನ್ನುತ್ತಿದ್ದರು. ಒಬ್ಬಾಕೆ ಬೆಟ್ಟದ ಕಡೆ ಕೈ ತೋರಿಸಿ, ಅಲ್ಲಿರೋ ದೇವ್ರ ಹೆಸರು ಅನ್ನುತ್ತಿದ್ದಳು. ಅವನು ನಗುತ್ತಾ ಡಬ್ಬಿ ಎತ್ತಿಡುತ್ತಿದ್ದ. ನನಗೆ ಅವೆರಡೂ ಇರಲಿಲ್ಲ. ನನ್ನನ್ನು ನೋಡಿದರೆ, ಎರಡನೇ ಕಿಟಕಿ ಅಲ್ವಾ, ಅನ್ನುತ್ತಿದ್ದ.

ಆಪರೇಷನ್ ಆದ ವಾರವೇ ಆ ಮನುಷ್ಯನನ್ನು ಬೇರೆ ಊರಿಗೆ ಹಾಕಿದರು. ಅವನ ಜಾಗಕ್ಕೆ ಒಬ್ಬ ಸಿಸ್ಟರ್ ಬಂದಳು. ಮಲೆಯಾಳದವಳು. ಅವಳಿಗೆ ಅವಳ ಮಾತು ಬಿಟ್ಟರೆ ಇಂಗ್ಲಿಷ್. ಮೊದಲ ಸಲ ಹೋದಾಗ ಅವಳು ಏನೋ ಕೇಳಿದಳು, ನಾನು ಏನೋ ಹೇಳಿದೆ, ಡಬ್ಬಿ ಹಿಂದಕ್ಕೆ ಕೊಟ್ಟಳು. ಸಾರು ತುಳುಕದ ಹಾಗೆ ನಾಲ್ಕು ಮೈಲಿ ಹೊತ್ತುಕೊಂಡು ಹೋಗಿದ್ದೆ, ತುಳುಕದ ಹಾಗೆ ಹೊತ್ತುಕೊಂಡು ಬಂದೆ.

ಮೇಷ್ಟರಿಗೆ ಹೇಳಿದೆ. ಅವರು ಒಳ್ಳೆಯವರು. ಇಂಗ್ಲಿಷಿನಲ್ಲಿ ಚೀಟಿ ಬರೆದು ಕೊಡುತ್ತೇನೆ, ತೋರಿಸಿದರೆ ಸಾಕು ಅಂದರು. ತೆಗೆದುಕೊಂಡಿದ್ದರೆ ಈ ಕಥೆಯೇ ಇಲ್ಲ.

"ಚೀಟಿ ಬ್ಯಾಡಿ ಮೇಷ್ಟ್ರೇ," ಅಂದೆ. "ನಾನೇ ಹೇಳ್ತೀನಿ. ಹಸುಗೆ ಹುಲ್ಲು ಕೊಡೋದು ನಂಗೂ ಗೊತ್ತು."

ಅವರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಗೋಡೆ ಆಚೆ ಕೂತು ಇವಳು ಪಾಸಾಗಿದ್ದಾಳೆ, ಮುಂದೆ ಕೂತ ಕತ್ತೆಗಳು ಆಗಲಿಲ್ಲ ಅಂದರು. ನನಗೆ ಆ ಹೊಗಳಿಕೆ ತಲೆಗೆ ಹತ್ತಿತು. ಅಲ್ಲಿಯವರೆಗೆ ನನ್ನನ್ನು ಯಾರೂ ಯಾವುದಕ್ಕೂ ಹೊಗಳಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿಕೊಟ್ಟರು. ಗಿವ್ ಅನ್ನು. ಆಮೇಲೆ ಅವರ ಹೆಸರು. ಆಮೇಲೆ ದಿಸ್ ಬಾಕ್ಸ್. ನಾನು ಗಿವ್ ಅಂದೆ. ನಿಂತೆ. ಅವರು ಹೆಸರು ಹೇಳಮ್ಮ ಅಂದರು. ಮತ್ತೆ ಗಿವ್ ಅಂದೆ. ಮತ್ತೆ ನಿಂತೆ. ಒಳಗಿನಿಂದ ಅಮ್ಮಾವರು ಕೂಗಿದರು:

"ಗಂಡನ ಹೆಸರು ಎಂಗ್ರೀ ಹೇಳ್ತಾಳೆ ಅವಳು? ನಲವತ್ತು ವರ್ಷ ಆಯ್ತು, ನಾನೇ ನಿಮ್ಮ ಹೆಸರು ಹೇಳಿಲ್ಲ."

ಮೇಷ್ಟರು ಹಣೆಯ ವಿಭೂತಿ ಉಜ್ಜಿಕೊಂಡು ಸ್ವಲ್ಪ ಯೋಚನೆ ಮಾಡಿದರು. "ಹಾಗಾದ್ರೆ ಹಿಮ್ ಅನ್ನು ಕಣಮ್ಮ. ಅವರಿಗೆ ಅಂತ. ಗಿವ್ ಹಿಮ್ ದಿಸ್ ಬಾಕ್ಸ್."

ಮೂರು ಜನಕ್ಕೂ ಸಮಾಧಾನ ಆಯಿತು. ಅಷ್ಟು ಇಂಗ್ಲಿಷ್ ಓದಿದ ಮೇಷ್ಟರಿಗೂ ಆಗ ಹೊಳೆಯಲಿಲ್ಲ. ನಮ್ಮಲ್ಲಿ ಹೆಂಗಸಿನ ಬಾಯಲ್ಲಿ 'ಅವರು' ಅಂದರೆ ಒಬ್ಬರೇ. ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಅವರು ಬಂದರು ಅಂದರೆ ಗಂಡ ಬಂದ ಅಂತಲೇ ಅರ್ಥ. ಆ ಸಿಸ್ಟರಿಗೆ ವಾರ್ಡಿನಲ್ಲಿ ಅರವತ್ತು ಜನ 'ಅವರು' ಇದ್ದರು.

ಶುಕ್ರವಾರ ಹೋಗಿ ಹೇಳಿದೆ. ಮೇಜಿನ ಮುಂದೆ ನೆಟ್ಟಗೆ ನಿಂತು, ಗಟ್ಟಿಯಾಗಿ. ಸಿಸ್ಟರ್ ತಲೆ ಎತ್ತಿದಳು. ಹರಿದ ಸೀರೆಯವಳ ಬಾಯಲ್ಲಿ ಇಂಗ್ಲಿಷ್ ಕೇಳಿ ಅವಳಿಗೂ ಆಶ್ಚರ್ಯ. ನೇಮ್ ಅಂದಳು. ಆ ಮಾತು ನನಗೆ ಗೊತ್ತಿತ್ತು. ನಾನು ಎರಡನೇ ಕಿಟಕಿಗೆ ಕೈ ತೋರಿಸಿದೆ. ಅವಳು ತಿರುಗಿ ನೋಡಿದಳು, ತನ್ನ ಕಾಗದದಲ್ಲಿ ಆ ಮಂಚದ ನಂಬರಿನ ಮುಂದೆ ಗುರುತು ಹಾಕಿಕೊಂಡಳು, ಡಬ್ಬಿ ಒಳಗೆ ಕಳಿಸಿದಳು.

ಗೇಟಿನ ಆಚೆ ಹುಣಸೆ ಮರ ಇತ್ತು. ಡಬ್ಬಿ ಖಾಲಿಯಾಗಿ ಬರುವವರೆಗೆ ಅದರ ಕೆಳಗೆ ಕೂರುವುದು. ಅವತ್ತು ಕಿಟಕಿಯ ಕಡೆ ನೋಡಿ ಕೈ ಎತ್ತಿದೆ. ಕಂಬಳಿ ಹೊದ್ದು ಯಾರೋ ಮಲಗಿದ್ದು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಒಂದು ಕೈ ಎದ್ದಿತು. ಎದ್ದು, ಕಿಟಕಿಯ ಕಂಬಿ ಮುಟ್ಟಿ, ಇಳಿಯಿತು.

ನನಗೆ ಅಷ್ಟು ಸಾಕಾಗಿತ್ತು.

ಹೀಗೆ ಒಂಬತ್ತು ವಾರ. ಹದಿನೆಂಟು ಡಬ್ಬಿ. ಸೋಮವಾರ, ಶುಕ್ರವಾರ ಮೇಷ್ಟರ ಮನೆಯ ಬೆಳಗಿನ ಅಡುಗೆ ಮುಗಿಸಿ ಹೊರಡುತ್ತಿದ್ದೆ. ಡಬ್ಬಿ ಪ್ರತಿ ಸಲವೂ ಬಳಿದು ತಿಂದ ಹಾಗೆ ಖಾಲಿ ಬರುತ್ತಿತ್ತು. ಕೆಲವು ಸಲ ತೊಳೆದೂ ಇರುತ್ತಿತ್ತು. ಮೊದಲು ಅರ್ಧ ರೊಟ್ಟಿ ಬಿಡುತ್ತಿದ್ದವರು ಈಗ ತೊಳೆದು ಕಳಿಸುತ್ತಾರಲ್ಲ, ಹಸಿವು ಬಂದಿದೆ, ಮೈ ಹಿಡಿಯುತ್ತದೆ ಅಂತ ನಾನು ಇನ್ನೊಂದು ರೊಟ್ಟಿ ಜಾಸ್ತಿ ಇಡುತ್ತಿದ್ದೆ. ಉಳಿದ ದಿನ ಕೋಣೆಯಲ್ಲಿ ಒಬ್ಬಳೇ. ಆ ಬೀದಿಯವರು ಕ್ಷಯದ ಮನೆ ಅಂತ ನನ್ನ ಹೊಸಿಲು ದಾಟುತ್ತಿರಲಿಲ್ಲ. ನಲ್ಲಿಯ ಹತ್ತಿರ ಹೋದರೆ ಕೊಡ ಸರಿಸಿಕೊಂಡು ಜಾಗ ಬಿಡುತ್ತಿದ್ದರು. ಜಾಗ ಬಿಟ್ಟಿದ್ದು ಮರ್ಯಾದೆಗಲ್ಲ. ನಾನು ಗೋಡೆಗೆ ಹೇಳುತ್ತಿದ್ದೆ, ಗಿವ್ ಹಿಮ್ ದಿಸ್ ಬಾಕ್ಸ್ ಅಂತ, ಮರೆಯಬಾರದು ಅಂತ. ಆ ಕೋಣೆಯಲ್ಲಿ ನಾನು ಆಡಿದ ಮಾತು ಹೆಚ್ಚಾಗಿ ಅದೊಂದೇ.

ಹತ್ತನೇ ವಾರದ ಸೋಮವಾರ ಖಾಲಿ ಡಬ್ಬಿ ತೆಗೆದುಕೊಂಡು ಮೇಷ್ಟರ ಮನೆಗೆ ಬಂದೆ. ಹಿತ್ತಿಲಿನಲ್ಲಿ ತೊಳೆಯಲು ಬಿಚ್ಚಿದರೆ ಮೇಲಿನ ಅಂತಸ್ತಿನಲ್ಲಿ ಒಂದು ಕಾಗದದ ಚೂರು, ಪೆನ್ಸಿಲ್ಲಿನಲ್ಲಿ ಬರೆದದ್ದು. ಅವರು ನನಗೆ ಬರೆದಿದ್ದಾರೆ ಅಂತ ಕೈ ಒರೆಸಿಕೊಂಡು ತೆಗೆದೆ. ನನಗೆ ಓದಲು ತಡ. ಬೇಗ ಸಿಕ್ಕುವ ಅಕ್ಷರ ಹುಡುಕಿದೆ. ಕೊನೆಯ ಸಾಲಿನಲ್ಲಿ ಉಪ್ಪು ಅಂತ ಸಿಕ್ಕಿತು. ಅದರ ಮುಂದೆ ಕಡಿಮೆ ಅಂತ ಸಿಕ್ಕಿತು.

ಅಲ್ಲೇ ಗೊತ್ತಾಯಿತು. ಉಪ್ಪು ಕಡಿಮೆ ಮಾಡು ಅನ್ನುವ ಮನುಷ್ಯ ನಮ್ಮವರಲ್ಲ.

ಆಮೇಲೆ ಮೊದಲಿನಿಂದ ಓದಿದೆ. 'ಅಮ್ಮಾ, ನೀವು ಯಾರೋ ನನಗೆ ಗೊತ್ತಿಲ್ಲ. ನನಗೆ ಕೊಡುವವರು ಯಾರೂ ಇಲ್ಲ. ನಿಮ್ಮ ಅನ್ನ ತಿಂದು ಎದ್ದು ಕೂತಿದ್ದೇನೆ. ಸಾರಿಗೆ ಉಪ್ಪು ಒಂದು ಚೂರು ಕಡಿಮೆ ಹಾಕಿ.'

ತೊಳೆಯದ ಡಬ್ಬಿ ಹಾಗೇ ಮುಚ್ಚಿಕೊಂಡು ವಾಪಸು ಹೊರಟೆ. ಅಮ್ಮಾವರು ಸಂಜೆಯ ಅಡುಗೆ ಏನು ಅಂತ ಕೇಳಿದ್ದು ಕಿವಿಗೆ ಬಿತ್ತು, ನಿಲ್ಲಲಿಲ್ಲ. ನಾಲ್ಕು ಮೈಲಿಯಲ್ಲಿ ಒಂದೇ ಲೆಕ್ಕ. ಒಂಬತ್ತು ವಾರ ಅವರಿಗೆ ಡಬ್ಬಿ ಇಲ್ಲ. ಡಬ್ಬಿ ಬರದಿದ್ದರೆ ನಾನು ಹೋದೆ ಅಂತ ತಿಳಿದುಕೊಳ್ಳಿ ಅಂದವಳು ನಾನೇ. ಅತ್ತೆ ಅಂದಿದ್ದನ್ನು ಹದಿನೆಂಟು ಸಲ ನಿಜ ಮಾಡಿದ್ದೆ. ಬೇರೆ ಯಾರದೋ ಕೈಗೆ ಕೈ ಎತ್ತಿದ್ದೆ.

ಡಬ್ಬಿ ಕೊಡುವ ಹೊತ್ತು ಮೀರಿತ್ತು. ಸಿಸ್ಟರ್ ಮೇಜಿನ ಮೇಲಿನ ಕಾಗದ ಜೋಡಿಸುತ್ತಿದ್ದಳು. ಹುಣಸೆ ಮರದ ಕೆಳಗೆ ಇನ್ನೂ ನಾಲ್ಕೈದು ಹೆಂಗಸರಿದ್ದರು. ನಾನು ಡಬ್ಬಿ ಮುಂದಕ್ಕೆ ಹಿಡಿದೆ. ಗಿವ್ ಅಂದೆ. ನಿಂತೆ. ಸಿಸ್ಟರ್, ಹಿಮ್ ದಿಸ್ ಬಾಕ್ಸ್ ಅಂತ ತಾನೇ ನಗುತ್ತಾ ಮುಗಿಸಿದಳು, ಎರಡನೇ ಕಿಟಕಿಗೆ ಕೈ ತೋರಿಸಿದಳು. ನಾನು ತಲೆ ಅಲ್ಲಾಡಿಸಿದೆ. ನೋ ಅಂದೆ. ಮತ್ತೆ ಗಿವ್ ಅಂದೆ.

ಆಮೇಲೆ ಹೆಸರು ಹೇಳಿದೆ. ಅಪ್ಪನ ಹೆಸರು ಸೇರಿಸಿ, ಊರಿನ ಹೆಸರು ಸೇರಿಸಿ, ಪೂರ್ತಿ. ದಿಸ್ ಬಾಕ್ಸ್ ಅಂತ ಮುಗಿಸಿದೆ. ಮರದ ಕೆಳಗಿದ್ದ ಒಬ್ಬಳು ಸೆರಗು ಬಾಯಿಗೆ ಇಟ್ಟುಕೊಂಡಳು. ಇನ್ನೊಬ್ಬಳು, ಶಿವಶಿವಾ ಕೂಗ್ಬುಟ್ಲಲ್ಲ, ಅಂದಳು. ಡಬ್ಬಿಯಲ್ಲಿ ಏನೂ ಇರಲಿಲ್ಲ. ಖಾಲಿ ಡಬ್ಬಿ ಚಾಚಿಕೊಂಡು ಆ ಹೆಸರು ಹೇಳಿದೆ.

ಸಿಸ್ಟರ್ ರಿಜಿಸ್ಟರ್ ತೆಗೆದು ಬೆರಳಿಟ್ಟು ನೋಡಿದಳು. ಅವಳ ನಗು ಹೋಯಿತು. ಆಪರೇಷನ್ ಆದವರನ್ನು ಹಿಂದುಗಡೆಯ ಸಣ್ಣ ರೂಮಿನಲ್ಲಿ ಇಟ್ಟಿದ್ದರು. ಎರಡನೇ ಕಿಟಕಿಯ ಮಂಚಕ್ಕೆ ಅವತ್ತೇ ಬೇರೆಯವರು ಬಂದಿದ್ದರು. ಅವಳದೂ ತಪ್ಪಲ್ಲ. ನಾನು ಜಾಗ ತೋರಿಸಿದ್ದೆ, ಅವಳು ಜಾಗಕ್ಕೆ ಕೊಟ್ಟಿದ್ದಳು. ನಮ್ಮವರ ಜಾಗ ಬದಲಾಗಿತ್ತು. ಗಂಟೆ ಕಟ್ಟಿರಲಿಲ್ಲ.

ಅವಳಿಗೆ ಏನನ್ನಿಸಿತೋ, ಕಾನೂನು ಬಿಟ್ಟು ನನ್ನನ್ನು ಒಳಗೆ ಕರೆದುಕೊಂಡು ಹೋದಳು. ಐದು ಬೆರಳು ತೋರಿಸಿದಳು, ಐದೇ ನಿಮಿಷ ಅಂತ. ಅವರ ರೂಮಿನ ಬಾಗಿಲಿಗೆ ಸೊಳ್ಳೆ ಬಾರದ ಹಾಗೆ ತಂತಿಯ ಬಲೆ ಹೊಡೆದಿತ್ತು. ಆಚೆ ಅವರು ಗೋಡೆಯ ಕಡೆ ತಿರುಗಿ ಮಲಗಿದ್ದರು. ಒಂದು ಭುಜ ಕುಸಿದು ಹೋಗಿತ್ತು. ನಾನು ಕೆಮ್ಮಿದೆ. ತಿರುಗಿದರು.

"ಡಬ್ಬಿ ಬರ್ನಿಲ್ಲ," ಅಂದರು.

ನಾನು ಎಲ್ಲ ಹೇಳಿದೆ. ಮೇಷ್ಟರು, ಹಿಮ್, ಎರಡನೇ ಕಿಟಕಿ, ಕೈ ಎತ್ತಿದ್ದು, ಚೀಟಿ, ಉಪ್ಪು. ಹೇಳುತ್ತಾ ಹೋದ ಹಾಗೆ ನನಗೇ ಅದು ಕಟ್ಟಿದ ಸುಳ್ಳಿನ ಹಾಗೆ ಕೇಳಿಸಿತು. ಒಂಬತ್ತು ವಾರ ಗಂಡನ ಊಟ ಇನ್ನೊಬ್ಬನಿಗೆ ಕೊಟ್ಟು ಬಂದೆ ಅಂದರೆ ಯಾರು ನಂಬುತ್ತಾರೆ? ಅವರು ನಂಬಿದೆ ಅನ್ನಲಿಲ್ಲ, ನಂಬಲಿಲ್ಲ ಅನ್ನಲಿಲ್ಲ. ಗೇಟಿನ ಹತ್ತಿರ ಇದ್ದ ಒಬ್ಬ ಆಯಾ ನಮಗಿಂತ ಮುಂಚೆ ಒಳಗೆ ಬಂದು ಹೆಸರಿನ ವಿಷಯ ಹೇಳಿರಬೇಕು.

"ಗೇಟ್ನಲ್ಲಿ ನನ್ನೆಸ್ರು ಹೇಳ್ದ್ಯಂತೆ," ಅಂದರು.

"ಊಂ."

"ಎಂಗೆ ಹೇಳ್ದೆ? ಒಂದ್ಸಲ ಹೇಳು, ಕೇಳ್ತೀನಿ."

ಬಲೆಯ ಈಚೆ ನಾನು, ಆಚೆ ಅವರು. ಊರ ಹೆಂಗಸರ ಮುಂದೆ ಬಂದ ಹೆಸರು ಅವರ ಮುಂದೆ ಬರಲಿಲ್ಲ.

"ಮನೆಗೆ ಬನ್ನಿ, ಹೇಳ್ತೀನಿ," ಅಂದೆ.

"ಮನೇಲಿ ನೀನು ಹೇಳ್ದಂಗೇ ಬುಡು," ಅಂದರು. ನಗಲು ಹೋದರು. ಕೆಮ್ಮು ಹಿಡಿಯಿತು. ಸಿಸ್ಟರ್ ನನ್ನ ರಟ್ಟೆ ಹಿಡಿದು ಹೊರಗೆ ತಂದಳು.

ಅದೇ ಕೊನೆ. ಆಮೇಲೆ ಐದು ವಾರ ಡಬ್ಬಿ ಸರಿಯಾದ ಕಡೆಗೆ ಹೋಯಿತು. ಸಿಸ್ಟರ್ ಹೆಸರು ಬರೆದ ಪಟ್ಟಿಯನ್ನು ಡಬ್ಬಿಗೆ ತಾನೇ ಕಟ್ಟಿದ್ದಳು, ನಾನು ಬಾಯಿ ಬಿಡುವ ಹಾಗೇ ಇರಲಿಲ್ಲ. ಡಬ್ಬಿ ಅರ್ಧ ತುಂಬಿ ವಾಪಸು ಬರುತ್ತಿತ್ತು. ಆಮೇಲೆ ಮುಕ್ಕಾಲು. ಕಾರ್ತೀಕದಲ್ಲಿ ಒಂದು ಶುಕ್ರವಾರ ಸಿಸ್ಟರ್ ಡಬ್ಬಿ ತೆಗೆದುಕೊಳ್ಳಲಿಲ್ಲ.

ಊರಿಗೆ ತೆಗೆದುಕೊಂಡು ಹೋಗಿ ಮಣ್ಣು ಮಾಡಿದೆವು. ಗೇಟಿನ ವಿಷಯ ಅತ್ತೆಗೆ ಹೇಗೋ ಮುಟ್ಟಿತ್ತು. ಬಂದವರೆದುರಿಗೆಲ್ಲ, ಬೀದೀಲಿ ನಿಂತು ಎಸ್ರು ಕೂಗಿ ಮಗನ ಆಯಸ್ಸು ತಿಂದ್ಲು ಅಂತ ಅತ್ತಳು. ಕ್ಷಯ ತಿಂತು, ನಾನಲ್ಲ ಅಂದೆ. ಅಷ್ಟು ಹೇಳಿ ಒಳಗೆ ಹೋದೆ. ಅವಳಿಗೂ ಇದ್ದವನು ಅವನೊಬ್ಬನೇ. ಆ ಊರಿಗೆ ನಾನು ಆಮೇಲೆ ಹೋಗಲಿಲ್ಲ. ಕೂಡಿಕೆಯನ್ನೂ ಮಾಡಿಕೊಳ್ಳಲಿಲ್ಲ. ಅವಳ ಮಾತು ಸುಳ್ಳು ಮಾಡಬೇಕು ಅಂತಲ್ಲ. ಯಾರೂ ಕೇಳಲಿಲ್ಲ, ನನಗೂ ಬೇಕಿರಲಿಲ್ಲ.

ಕಾರ್ಯ ಎಲ್ಲ ಮುಗಿದು ಮೈಸೂರಿಗೆ ಬಂದ ಮೇಲೆ ಒಂದು ಸೋಮವಾರ ಹುರುಳಿ ಬೇಯಿಸಿದೆ. ಯಾಕೆ ಅಂದರೆ ಸೋಮವಾರ. ಕಟ್ಟು ಬಸಿದು ಸಾರು ಮಾಡಿದೆ, ಡಬ್ಬಿಗೆ ಹಾಕಿದೆ, ನಡೆದೆ. ಪುಣ್ಯ ಬರಲಿ ಅಂತ ಹೋಗಲಿಲ್ಲ. ಕಾಲು ಆ ಕಡೆಗೇ ಹೋಯಿತು. ಮೇಷ್ಟರು ಜಗುಲಿಯಲ್ಲಿ ಹೇಳುತ್ತಿದ್ದರು, ಕೊಟ್ಟೆ ಅಂದರೆ ಮುಗಿಯಲಿಲ್ಲ, ಯಾರಿಗೆ ಅನ್ನುವುದು ಬೇಕೇ ಬೇಕು ಅಂತ. ನನ್ನ ಹತ್ತಿರ ಡಬ್ಬಿ ಇತ್ತು, ಸಾರು ಇತ್ತು. ಯಾರಿಗೆ ಅನ್ನುವುದು ಇರಲಿಲ್ಲ.

ಸಿಸ್ಟರ್ ನನ್ನನ್ನು ನೋಡಿ ಎದ್ದು ನಿಂತಳು. ಗಂಡ ಸತ್ತದ್ದು ಇವಳಿಗೆ ತಲೆಗೆ ಹೋಗಿಲ್ಲ, ಬುದ್ಧಿ ಕೆಟ್ಟಿದೆ ಅಂದುಕೊಂಡಿರಬೇಕು. ಸಾರಿ ಸಾರಿ ಅಂದಳು. ನಾನು ಎರಡನೇ ಕಿಟಕಿಗೆ ಕೈ ತೋರಿಸಿದೆ. ಗಿವ್ ಹಿಮ್ ದಿಸ್ ಬಾಕ್ಸ್ ಅಂದೆ. ಅವಳು ನನ್ನ ಮುಖ ನೋಡಿದಳು. ರಿಜಿಸ್ಟರ್ ನೋಡಿ ಒಂದು ಹೆಸರು ಹೇಳಿದಳು, ನನಗೆ ಕಲಿಸುವ ಹಾಗೆ ಬಿಡಿಬಿಡಿಯಾಗಿ. ನಾನು ಅದನ್ನು ಮಧ್ಯೆ ಸೇರಿಸಿ ಪೂರ್ತಿ ವಾಕ್ಯ ಹೇಳಿದೆ. ಆ ಹೆಸರು ಎಲ್ಲೂ ತಡೆಯದೆ ಬಂತು. ಬೇರೆಯವರ ಹೆಸರು ಬರುವುದಕ್ಕೆ ಏನು ಕಷ್ಟ.

ಏಳೆಂಟು ತಿಂಗಳು ಕೊಟ್ಟೆ. ವಾರಕ್ಕೆ ಒಂದೇ ದಿನ, ಸೋಮವಾರ. ಉಪ್ಪು ಕಡಿಮೆ ಹಾಕಿದೆ. ಆ ಹೆಸರನ್ನು ಮೂವತ್ತು ಸಲವಾದರೂ ಹೇಳಿರಬೇಕು. ಕಿಟಕಿಯ ಕಡೆ ಕೈ ಮಾತ್ರ ಎತ್ತಲಿಲ್ಲ. ಒಳಗಿನಿಂದ ಕೈ ಏಳುತ್ತಿತ್ತು, ನಾನು ಮರದ ಕಡೆ ತಿರುಗಿ ಕೂರುತ್ತಿದ್ದೆ.

ಒಂದು ಸೋಮವಾರ ಅವನೇ ಗೇಟಿಗೆ ನಡೆದುಕೊಂಡು ಬಂದ. ನಾನು ಅಂದುಕೊಂಡಷ್ಟು ವಯಸ್ಸಾದವನಲ್ಲ. ಬಟ್ಟೆಯ ಗಂಟು ಹಿಡಿದಿದ್ದ, ಗುಣವಾಗಿದೆ, ಊರಿಗೆ ಹೋಗುತ್ತಿದ್ದೇನೆ ಅಂದ. ಕೈ ಮುಗಿದ. "ಉಪ್ಪು ಸರಿಯಾಗಿತ್ತು ಕಣಮ್ಮ," ಅಂದ. ಅವತ್ತಿನ ಡಬ್ಬಿಯನ್ನು ಹುಣಸೆ ಮರದ ಕೆಳಗೇ ಕೂತು ತಿಂದ. ತೊಳೆದು ಕೊಟ್ಟ. ರಸ್ತೆಗೆ ಹೋಗಿ ಬಸ್ಸು ಹತ್ತಿದ.

ಮೇಷ್ಟರು ಹೋದರು, ಅಮ್ಮಾವರು ಹೋದರು. ನಾನು ಇನ್ನೂ ನಾಲ್ಕಾರು ಮನೆಗಳಲ್ಲಿ ಅಡುಗೆ ಮಾಡಿದೆ. ಆ ಮನೆಗಳವರ ನಾಲಿಗೆಗೆ ಎಷ್ಟು ಬೇಕೋ ಅಷ್ಟು ಉಪ್ಪು ಹಾಕಿದೆ. ಯಾರೂ ಬೈದಿಲ್ಲ. ಈಗ ನನಗೊಬ್ಬಳಿಗೇ ಮಾಡಿಕೊಳ್ಳುತ್ತೇನೆ. ಸೋಮವಾರ ಹುರುಳಿ ಬೇಯಿಸುತ್ತೇನೆ. ಉಪ್ಪಿನ ಮರಿಗೆಗೆ ಕೈ ಹಾಕಿದಾಗ ಎಷ್ಟು ಅಂತ ಕೈಗೆ ಗೊತ್ತಾಗುವುದಿಲ್ಲ. ಒಂದು ವಾರ ಜಾಸ್ತಿ ಬೀಳುತ್ತದೆ, ಒಂದು ವಾರ ಕಡಿಮೆ. ಹೇಗಾದರೂ ತಿನ್ನುತ್ತೇನೆ.